ಜೀನ್ ರಿಪೋರ್ಟ್ ನೋಡಿ ಸ್ಟ್ರೋಕ್ ಆದ ಕೈ ಎಷ್ಟು ಚೇತರಿಸುತ್ತೆ ಅಂತ ಹೇಳಬಹುದಾ?

ಪ್ರಶ್ನೆ: ಫಿಸಿಯೋ_ಹಾಸನ

ಸ್ಟ್ರೋಕ್ ಆದವರ ಮನೆಯವರು ಈಗೀಗ ಕೆನ್ನೆಯ ಸ್ವಾಬ್ ಕೊಟ್ಟು ಮಾಡಿಸಿದ ಜೀನ್ ರಿಪೋರ್ಟ್ ಹಿಡಿದು ಬರ್ತಿದ್ದಾರೆ. ಒಂದರಲ್ಲಿ ‘ಬಿಡಿಎನ್‌ಎಫ್, ಆರ್‌ಎಸ್6265, ಸಿ/ಟಿ’ ಅಂತಿದೆ, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಮಿದುಳಿನ ಮರುಕಲಿಕೆ ಕಡಿಮೆ’. ನಾನು ಓದಿದ ಲೇಖನಗಳಲ್ಲಿ ಇದೇ ಜಾಗಕ್ಕೆ ಜಿ ಮತ್ತು ಎ ಇದೆ. ಸಿ, ಟಿ ಎಲ್ಲಿಂದ ಬಂತು? ಇದನ್ನು ನೋಡಿ ಥೆರಪಿ ಬದಲಿಸಬೇಕಾ?

ಉತ್ತರ 1: ನರತಂತು

ಮೊದಲು ಅಕ್ಷರದ ಗೊಂದಲ. ಬಿಡಿಎನ್‌ಎಫ್ (ನರಕೋಶಗಳ ಬೆಳವಣಿಗೆಗೆ, ಕಲಿಕೆಗೆ ನೆರವಾಗುವ ಪ್ರೋಟೀನ್) ತಯಾರಿಸುವ ಜೀನ್ ಡಿಎನ್‌ಎಯ ಹಿಮ್ಮುಖ ಎಳೆಯಲ್ಲಿದೆ. ಲ್ಯಾಬ್ ಮುಮ್ಮುಖ ಎಳೆಯನ್ನು ಓದಿ ಕೊಟ್ಟರೆ ಜಿ ಇದ್ದಲ್ಲಿ ಸಿ, ಎ ಇದ್ದಲ್ಲಿ ಟಿ ಬರುತ್ತೆ. ಹಾಗಾಗಿ ಸಿ ಅಂದರೆ ಆ ಪ್ರೋಟೀನಿನ ಒಂದು ಕೊಂಡಿ (ಅಮೈನೋ ಆಮ್ಲ) ವ್ಯಾಲಿನ್ (ವ್ಯಾಲ್), ಟಿ ಅಂದರೆ ಮೆಥಿಯೋನಿನ್ (ಮೆಟ್). ನಿಮ್ಮ ರಿಪೋರ್ಟಿನವರು ವ್ಯಾಲ್/ಮೆಟ್, ಅಂದರೆ ಒಂದು ಪ್ರತಿ ಮಾತ್ರ ಮೆಟ್. ಇದೇನೂ ಅಪರೂಪವಲ್ಲ.

ಮೆಟ್ ಇದ್ದರೆ ಬಿಡಿಎನ್‌ಎಫ್ ತಯಾರಾಗೋದೇ ಇಲ್ಲ ಅಂತಲ್ಲ. ನರಕೋಶ ಚುರುಕಾಗಿ ಕೆಲಸ ಮಾಡುವಾಗ ಅದನ್ನು ಹೊರಬಿಡುವ ಹಂತದಲ್ಲಿ ಕೊರತೆ, ಸುಮ್ಮನಿರುವಾಗ ಒಸರುವುದು ಹೆಚ್ಚುಕಮ್ಮಿ ಮೊದಲಿನಷ್ಟೇ. 2006ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತರಿಗೆ ಬೆರಳಿನ ವ್ಯಾಯಾಮ ಮಾಡಿಸಿ, ಮುಂಚೆ ಮತ್ತು ನಂತರ ಟಿಎಂಎಸ್‌ನಿಂದ (ತಲೆಯ ಹೊರಗಿನಿಂದ ಕಾಂತದ ಮಿಡಿತ ಕೊಟ್ಟು ಮಿದುಳನ್ನು ಪ್ರಚೋದಿಸುವ ಪರೀಕ್ಷೆ) ಅಳೆದರು. ವ್ಯಾಲ್/ವ್ಯಾಲ್ ಇದ್ದವರಲ್ಲಿ ಆ ಬೆರಳಿನ ಸ್ನಾಯುವಿಗೆ ಮೀಸಲಾದ ಮಿದುಳಿನ ಜಾಗ ಹಿಗ್ಗಿತು, ಮೆಟ್ ಇದ್ದವರಲ್ಲಿ ಅಷ್ಟು ಹಿಗ್ಗಲಿಲ್ಲ. ಕೆಂಪಕ್ಷರದ ಮೂಲ ಇಂಥ ಪ್ರಯೋಗಗಳೇ.

ಆದರೆ ಅದು ಒಂದೇ ಕೂರಿಕೆಯ ಅಳತೆ, ಅದೂ ಆರೋಗ್ಯವಂತರದ್ದು. ಹಲವು ದಿನ ಒತ್ತಾಗಿ ತರಬೇತಿ ಕೊಟ್ಟಾಗ ಈ ಅಂತರ ಅಳಿಸಿಹೋಗಿದ್ದೂ ವರದಿಯಾಗಿದೆ. 2014ರಲ್ಲಿ ಸ್ಟ್ರೋಕ್ ಮಾಡಿಸಿದ ಇಲಿಗಳಲ್ಲಿ ಫಲಿತಾಂಶ ಉಲ್ಟಾನೇ ಬಂತು: ಎರಡೂ ಪ್ರತಿ ಮೆಟ್ ಇದ್ದವು ತಿಂಗಳುಗಳ ನಂತರ ಚೆನ್ನಾಗಿ ಚೇತರಿಸಿಕೊಂಡವು. ಹೀಗಿರುವಾಗ ಒಬ್ಬ ರೋಗಿಯ ಮೇಲೆ ‘ಕಡಿಮೆ’ ಅಂತ ಮುದ್ರೆ ಒತ್ತೋದು ತಪ್ಪು. ಥೆರಪಿಯನ್ನಂತೂ ಕಡಿಮೆ ಮಾಡಲೇಬೇಡಿ. ಮೆಟ್ ಇದೆ ಅಂತ ಏನಾದರೂ ಮಾಡಲೇಬೇಕು ಅನ್ನಿಸಿದರೆ, ಪುನರಾವರ್ತನೆ ಹೆಚ್ಚಿಸಿ.

ಉತ್ತರ 2: ಅಳತೆಪಟ್ಟಿ

ಚೇತರಿಕೆ ಅಂದಾಜಿಸಲು ಸ್ವಾಬಿಗಿಂತ ಬೆರಳು ಹೆಚ್ಚು ಹೇಳುತ್ತೆ. ಸ್ಟ್ರೋಕ್ ಆದ 3ನೇ ದಿನ ಎರಡೇ ಚಲನೆ ನೋಡಿ: ಭುಜವನ್ನು ಪಕ್ಕಕ್ಕೆ ಎತ್ತುವುದು, ಬೆರಳು ಬಿಡಿಸುವುದು. ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 10. ಇದೇ ಸೇಫ್ ಸ್ಕೋರ್. 5 ಅಥವಾ ಹೆಚ್ಚು ಬಂದು ವಯಸ್ಸು 80ರ ಒಳಗಿದ್ದರೆ 3 ತಿಂಗಳಿಗೆ ಕೈ ಬಹುಪಾಲು ಪೂರ್ತಿ ಬರುವ ನಿರೀಕ್ಷೆ ಇಡಬಹುದು. 5ಕ್ಕಿಂತ ಕಡಿಮೆಯಾದರೆ ಟಿಎಂಎಸ್ ಮಾಡಿ, ಮಿದುಳಿನಿಂದ ಕೈಸ್ನಾಯುವಿಗೆ ಸಂಕೇತ ತಲುಪುತ್ತಾ ನೋಡಬೇಕು. ತಲುಪಿದರೆ ಒಳ್ಳೆಯ ಸೂಚನೆ.

ತಪ್ಪಾಗೋದು ಅಂಕ ಹಾಕುವಾಗ. ಮಣಿಕಟ್ಟು ಕೆಳಕ್ಕೆ ಬಾಗಿದರೆ ಸ್ನಾಯುರಜ್ಜು ಎಳೆದು ಬೆರಳುಗಳು ತಾವಾಗಿ ತೆರೆದುಕೊಳ್ಳುತ್ತವೆ, ‘ಬಿಡಿಸಿದರು’ ಅಂತ 2 ಅಂಕ ಬಿದ್ದುಬಿಡುತ್ತೆ. ಮುಂಗೈಗೆ ಆಸರೆ ಕೊಟ್ಟು, ಮಣಿಕಟ್ಟು ನೇರ ಹಿಡಿದು ನೋಡಿ. ಭುಜದ ವಿಷಯದಲ್ಲಿ ಮೈ ವಾಲಿಸಿ ಕೈ ಎತ್ತೋದು ಮಾಮೂಲಿ ಮೋಸ. ಮಾತು ಅರ್ಥವಾಗದವರಿಗೆ ಮಾಡಿ ತೋರಿಸಿ, ಇಲ್ಲವಾದರೆ ಸೊನ್ನೆ ಅನ್ನೋದು ಬಲದ ಸೊನ್ನೆಯಲ್ಲ. ಈ ಲೆಕ್ಕ ಸ್ಟ್ರೋಕಿಗೆ ಮಾಡಿದ್ದು. ಬೈಕ್ ಅಪಘಾತದ ತಲೆಪೆಟ್ಟಿನಲ್ಲಿ ಗಾಯ ಒಂದೇ ಕಡೆ ಇರಲ್ಲ, ಅಲ್ಲಿಗೆ ಹಾಗೇ ಎತ್ತಿ ಹಾಕಬೇಡಿ.

ಉತ್ತರ 3: ಔಷಧದಂಗಡಿ

ಮುಂದಿನ ರಿಪೋರ್ಟಿನಲ್ಲಿ ಸಿಸಿಆರ್5 ಬರಬಹುದು, ಅದಕ್ಕೇ ಬರೀತಿದೀನಿ. ಈ ಜೀನಿನಲ್ಲಿ 32 ಅಕ್ಷರ ಬಿಟ್ಟುಹೋದ ರೂಪ ಇದ್ದವರು ಸ್ಟ್ರೋಕಿನ ನಂತರ ಚೆನ್ನಾಗಿ ಚೇತರಿಸಿಕೊಂಡರು ಅಂತ 2019ರಲ್ಲಿ ಇಸ್ರೇಲಿನ ರೋಗಿಗಳ ಮಾಹಿತಿ ಹೇಳಿತು. ಅದೇ ಅಧ್ಯಯನದಲ್ಲಿ, ಎಚ್‌ಐವಿಗೆ ಕೊಡುವ ಮರಾವಿರಾಕ್ ಇಲಿಗಳಿಗೂ ನೆರವಾಯಿತು. ಈ ರೂಪ ಉತ್ತರ ಯುರೋಪಿನಲ್ಲಿ ಸಾಮಾನ್ಯ, ನಮ್ಮಲ್ಲಿ ತೀರಾ ವಿರಳ. ‘ಇಲ್ಲ’ ಅಂತ ಬಂದರೆ ಎದೆ ಒಡೆದುಕೊಳ್ಳಬೇಕಿಲ್ಲ. ಮರಾವಿರಾಕ್ ಮಾತ್ರೆಯನ್ನು ತಾವೇ ತರಿಸಿಕೊಳ್ಳೋದಂತೂ ಬೇಡ: ಲಿವರಿಗೆ ಹಾನಿಯ ಎಚ್ಚರಿಕೆ ಇದೆ. ತಲೆಪೆಟ್ಟಿನವರು ಫಿಟ್ಸಿಗೆ ತಗೊಳ್ಳೋ ಫೆನಿಟಾಯಿನ್ ಜೊತೆ ಸೇರಿದರೆ ರಕ್ತದಲ್ಲಿ ಮರಾವಿರಾಕ್ ಮಟ್ಟವೂ ಕುಸಿಯುತ್ತೆ.

ಅಪೋಇ ಅನ್ನೋ ಜೀನಿನ ಫಲಿತಾಂಶ ಇದ್ದರೆ ಬಾಯಿ ಬಿಡೋ ಮುಂಚೆ ಯೋಚಿಸಿ. ಅದರ ಇ4 ರೂಪ ಅಂದರೆ ಆಲ್ಜೈಮರ್ ಸಾಧ್ಯತೆಯ ಸುದ್ದಿ ಕೂಡ, ಅದು ಮಕ್ಕಳಿಗೂ ತಟ್ಟುತ್ತೆ. ಫಿಸಿಯೋ ಟೇಬಲ್ ಪಕ್ಕ ನಿಂತು ಹೇಳೋ ಮಾತಲ್ಲ. ಸ್ಟ್ರೋಕಿನವರಿಗೆ ನಿಜಕ್ಕೂ ಉಪಯೋಗಕ್ಕೆ ಬರೋ ಜೀನ್ ಪರೀಕ್ಷೆ ಬೇರೆ, ಸಿವೈಪಿ2ಸಿ19. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಕೆಲಸ ಮಾಡುತ್ತಾ ಅಂತ ತಿಳಿಯೋಕೆ. ಅದು ಚೇತರಿಕೆಯದ್ದಲ್ಲ, ಎರಡನೇ ಸ್ಟ್ರೋಕ್ ತಡೆಯೋದು. ನ್ಯೂರಾಲಜಿಸ್ಟ್ ಹತ್ತಿರ ಕೇಳಲಿ.

ಫಿಸಿಯೋ_ಹಾಸನ

ಧನ್ಯವಾದ. ನಮ್ಮ ಕಡೆ ಟಿಎಂಎಸ್ ಇಲ್ಲ. 3ನೇ ದಿನ ದಾಟಿ ಬಂದವರಿಗೆ?

ಅಳತೆಪಟ್ಟಿ

ಬೆರಳನ್ನೇ ವಾರಕ್ಕೊಮ್ಮೆ ಅಳೆದು ಬರೆದಿಡಿ. ಮಣಿಕಟ್ಟು 10 ಡಿಗ್ರಿ ಮೇಲೆದ್ದು, ಹೆಬ್ಬೆರಳು ಮತ್ತು ಇನ್ನೆರಡು ಬೆರಳು 10 ಡಿಗ್ರಿ ಬಿಡಿಸಿದರೆ, ಒಳ್ಳೆಯ ಕೈಗೆ ಕೈಗವಸು ಹಾಕಿ ಪೆಟ್ಟಾದ ಕೈಯಿಂದಲೇ ಕೆಲಸ ಮಾಡಿಸುವ ಥೆರಪಿಗೆ ಅರ್ಹರು. ಅಮೆರಿಕದ ಎಕ್ಸೈಟ್ ಪ್ರಯೋಗದಲ್ಲಿ 2 ವಾರ, ಎಚ್ಚರವಿರುವ ಹೊತ್ತಿನ 90% ಗವಸು ಹಾಕಿಸಿದ್ದರು. ನಡೆಯುವಾಗ ಬೀಳುವವರಿಗೆ ಮಾತ್ರ ಆ ಹೊತ್ತಿನಲ್ಲಿ ಗವಸು ತೆಗೆಸಿ.