ಅಪ್‌ಡೇಟ್: ನಮ್ಮ ಪುಣೆ ಚರ್ಚ್ ಕಟ್ಟಡದ ಕೆಲಸ ಎಲ್ಲಿಗೆ ಬಂತು

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ: ಪುಣೆಯ ನಮ್ಮ ಕನ್ನಡ ಸಭೆಗೆ ಜಾಗ ಸಾಲುತ್ತಿಲ್ಲ, ಸಂಡೇ ಸ್ಕೂಲ್‌ಗೆ ಹಿಂದುಗಡೆ ಕೋಣೆ ಕಟ್ಟಲು ಸಾಲ ತೆಗೆಯಬಹುದಾ, ಹಳೇ ಕಟ್ಟಡ ನೋಡಿಕೊಳ್ಳಲು ಜನ ಎಲ್ಲಿಂದ ತರುವುದು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಸಾಲದ ಮಾತು ಬಿಟ್ಟಿದ್ದೇವೆ. ನಮ್ಮದು ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಾಯಿಸಿದ ಟ್ರಸ್ಟ್. ಟ್ರಸ್ಟಿಗಳು ಸಾಲ ಮಾಡುವುದಕ್ಕೆ ಅದರಲ್ಲಿ ನಿಯಮಗಳಿವೆ, ಕೆಲವು ಸಾಲಕ್ಕೆ ಮೊದಲೇ ಚಾರಿಟಿ ಕಮಿಷನರ್ (ಟ್ರಸ್ಟ್‌ಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಅಧಿಕಾರಿ) ಒಪ್ಪಿಗೆ ಬೇಕು. ಹಾಗಾಗಿ ಕೈಯಲ್ಲಿರುವ ದುಡ್ಡಿಗೆ ತಕ್ಕಂತೆ ಒಂದೇ ಅಂತಸ್ತು. ಪ್ಲಾನ್ ಪಾಲಿಕೆಯಲ್ಲಿದೆ.

ಜಾಸ್ತಿ ಜಗ್ಗಾಟ ಆಗಿದ್ದು ಹಳೇ ಕಲ್ಲಿನ ಗೋಡೆಯ ತೇವದ ಬಗ್ಗೆ. ಸಿಮೆಂಟ್ ಪ್ಲಾಸ್ಟರ್ ಹೊಡೆದು ಮುಗಿಸೋಣ ಅಂದರು ಕಂಟ್ರಾಕ್ಟರ್. ಎಂಜಿನಿಯರ್ ಬೇಡವೇ ಬೇಡ ಅಂದರು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೀರು ಹೀರುತ್ತದೆ, ಆಮೇಲೆ ಆರುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಕಲ್ಲಿನ ಮೈ ಉದುರಲು ಶುರುವಾಗುತ್ತದೆ. ಈಗ ಸುಣ್ಣದ ಗಾರೆಯಲ್ಲೇ ಸಂದು ತುಂಬಿಸುತ್ತಿದ್ದೇವೆ. ನಿಧಾನ, ಖರ್ಚೂ ಜಾಸ್ತಿ. ಕೆಲವು ಹಿರಿಯರಿಗೆ ಇನ್ನೂ ಸಮಾಧಾನವಿಲ್ಲ.

ಸೇವೆಗೆ ‘ಎಲ್ಲರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ, ಅಲ್ವಾ? ಒಂದೊಂದು ಮನೆಗೆ ಒಂದೊಂದು ಕೆಲಸ ವಹಿಸಿದ್ದೇವೆ. ಮಳೆನೀರಿನ ಪೈಪ್ ಒಬ್ಬರದು, ಬೆಂಚಿನ ಗೆದ್ದಲು ಇನ್ನೊಬ್ಬರದು. ಇದು ನಡೆಯುತ್ತಿದೆ. ವೈರಿಂಗ್, ಮಾಡು ಹತ್ತುವ ಕೆಲಸ ಮಾತ್ರ ದುಡ್ಡು ಕೊಟ್ಟೇ ಮಾಡಿಸುತ್ತೇವೆ. ಭಕ್ತರು ಹತ್ತಿದರೆ ಏಣಿ ಜಾರುವುದಿಲ್ಲ ಅಂತೇನಿಲ್ಲವಲ್ಲ!

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಪುಣೆ ಕಡೆ ಯಾರಾದರೂ ಇದ್ದರೆ ಹೇಳಿ. ಈಗಿರುವವರು ಕ್ರಿಸ್‌ಮಸ್‌ಗೆ ಮುಂಚೆಯೇ ಊರಿಗೆ ಹೊರಡುತ್ತಾರಂತೆ.