ಲೆಗೊ ಸೆಟ್: ಫಾಲ್ಕನ್ನೋ ಡಯಾಗನ್ ಅಲಿಯೋ? ಸ್ಟಿಕ್ಕರ್ ಕಾಟ ಎಷ್ಟು? ಕಟ್ಟಿದವರು ಅನುಭವ ಹೇಳಿ

ಕುಕ್ಕರಹಳ್ಳಿ_ಕೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಮುಂದಿನ ತಿಂಗಳು ನಲವತ್ತು ತುಂಬುತ್ತದೆ. ಒಂದು ದೊಡ್ಡ ಲೆಗೊ ಸೆಟ್ ಕೊಡಿಸುವ ಆಸೆ. ಎರಡು ನೋಡಿಟ್ಟಿದ್ದೇನೆ. ಸ್ಟಾರ್ ವಾರ್ಸ್‌ನ ಬಾಹ್ಯಾಕಾಶ ಹಡಗು ಮಿಲೇನಿಯಂ ಫಾಲ್ಕನ್ (ಸೆಟ್ ನಂಬರ್ 75192), ಇಲ್ಲವಾದರೆ ಹ್ಯಾರಿ ಪಾಟರ್‌ನ ಮಂತ್ರವಾದಿಗಳ ಅಂಗಡಿ ಬೀದಿ ಡಯಾಗನ್ ಅಲಿ 75978. ಇಡುವ ಜಾಗ ಟಿವಿ ಪಕ್ಕದ ಗೋಡೆ ಶೆಲ್ಫ್, ಅಗಲ 80 ಸೆಂ.ಮೀ. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ಸ್ಟಿಕ್ಕರ್ ಅಂಟಿಸುವುದು ಅಂದ್ರೆ ಇವರಿಗೆ ಆಗಿ ಬರೋದಿಲ್ಲ. ಚಿಕ್ಕ ಕಾರಿನ ಸೆಟ್ ಕಟ್ಟುವಾಗಲೇ ಮುಖ ಕೆಂಪಾಗಿತ್ತು. ಯಾವುದು ತಗೊಳ್ಳಲಿ?

ಬಸವನಗುಡಿ_ಪೈಲಟ್:
ಮೇಡಂ, ಫಾಲ್ಕನ್. ಎರಡನೇ ಮಾತೇ ಇಲ್ಲ.

ನನ್ನ ಕಥೆ ಕೇಳಿ. ಇಲ್ಲಿಯ ಅಂಗಡಿಯಲ್ಲಿ ಬೆಲೆ ಕೇಳಿದ ಮೇಲೆ ಆ ಕಡೆ ಮತ್ತೆ ಹೋಗಲಿಲ್ಲ. ಆಟಿಕೆಯ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯ್ತು. ಡಲ್ಲಾಸ್‌ನಲ್ಲಿರುವ ಭಾವನ ಕೈಲಿ ತರಿಸಿದೆ. 849.99 ಡಾಲರ್, ಅಲ್ಲಿಯ ತೆರಿಗೆ ಸೇರಿ 920. ನಮ್ಮ ದುಡ್ಡಲ್ಲಿ 76 ಸಾವಿರ. ಡಬ್ಬ ಯಾವ ಸೂಟ್‌ಕೇಸಿಗೂ ಹಿಡಿಸಲಿಲ್ಲ. ಬಿಚ್ಚಿ, ಒಳಗಿನ ಪೊಟ್ಟಣಗಳನ್ನೆಲ್ಲ ಅಕ್ಕನ ಸೀರೆಗಳ ಮಧ್ಯೆ ತುರುಕಿ ತಂದರು. ಒಂದು ಬ್ಯಾಗ್ ಹೆಚ್ಚಾಯಿತೆಂದು ವಿಮಾನದವರಿಗೆ 16,500 ಕಟ್ಟಿದ್ದಾಯಿತು. ಆಮೇಲೆ ಇಡೋದಕ್ಕೆ ಸಾಗುವಾನಿ ಟೀಪಾಯಿ 28,000. ಅದರ ಮೇಲಿನ ಟಫನ್ಡ್ ಗಾಜು 5,200. ಒಟ್ಟು 1,25,700. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ಆದರೆ ಡಿಸೈನ್ ಅಂದ್ರೆ ಇದು. ಹಳೇ ಸಿನಿಮಾದ ದುಂಡು ರಾಡಾರ್ ತಟ್ಟೆಯೂ ಇದೆ, ಹೊಸದರ ಚೌಕದ್ದೂ ಇದೆ. ಬೇಕಾದದ್ದು ಹಾಕಿಕೊಳ್ಳಿ. ಜನರ ಗೊಂಬೆಗಳೂ ಎರಡು ಕಾಲದವು. 2007ರ ಹಳೇ ಫಾಲ್ಕನ್ 10179ರಲ್ಲಿ ಒಳಗೆ ನೋಡಲು ಏನೂ ಇರಲಿಲ್ಲ. ಇದರಲ್ಲಿ ಹೊರಗಿನ ಹಲಗೆ ಎತ್ತಿದರೆ ಸಿನಿಮಾದ ಆ ದುಂಡು ಚದುರಂಗದ ಮೇಜೂ ಇದೆ. ಎಲ್ಲೆಲ್ಲೂ ಪೈಪು, ಪೈಪಿನ ಸಂದಿಯಲ್ಲಿ ಇನ್ನೊಂದು ಪೈಪು. ಅದನ್ನು ಒರೆಸುವುದು ಮಾತ್ರ ಕೇಳಬೇಡಿ. ನಮ್ಮ ರಸ್ತೆಯ ಧೂಳಿಗೆ ಮೇಕಪ್ ಬ್ರಷ್ಷೇ ಗತಿ.

ಕುಡ್ಲದ_ಮಳೆ:
ಫಾಲ್ಕನ್ ಬೂದು ಬಣ್ಣದ ದೊಡ್ಡ ಹಪ್ಪಳ ಮಾರಾಯ್ರೆ. 7,541 ತುಂಡು, ಅದರಲ್ಲಿ ಬಣ್ಣ ಎಂತ ಉಂಟು?

ಡಯಾಗನ್ ಅಲಿ ನಮ್ಮ ಮನೆಯಲ್ಲಿದೆ. 5,544 ತುಂಡು, 14 ಗೊಂಬೆಗಳು. ಒಂದೊಂದು ಅಂಗಡಿಗೂ ಒಂದೊಂದು ಮುಖ. ಆಲಿವಾಂಡರ್‌ನ ಒಳಗೆ ಮಂತ್ರದಂಡದ ಪೆಟ್ಟಿಗೆಗಳ ಸಾಲು. ವೀಸ್ಲಿಯವರ ಅಂಗಡಿಯ ಎದುರಿಗೆ ಕಿತ್ತಳೆ ಕೂದಲಿನ ದೊಡ್ಡ ತಲೆ, ಅದು ಟೋಪಿ ಎತ್ತಿ ಇಳಿಸುತ್ತದೆ. ನನ್ನ ಹೆಂಡತಿ ಅದನ್ನು ದಿನಾ ಒಮ್ಮೆ ಆಡಿಸಿಯೇ ಕೆಲಸಕ್ಕೆ ಹೋಗುವುದು.

ಸ್ಟಿಕ್ಕರ್ ಉಂಟು, ಸುಳ್ಳು ಹೇಳುವುದಿಲ್ಲ. ಬೋರ್ಡ್, ಜಾಹೀರಾತು, ಪುಸ್ತಕದ ಬೆನ್ನು. ಅಂಟಿಸುವುದು ಕಷ್ಟ ಅಲ್ಲ, ಇಲ್ಲಿಯ ಮಳೆಗಾಲದಲ್ಲಿ ಉಳಿಸಿಕೊಳ್ಳುವುದು ಕಷ್ಟ. ಆಷಾಢ ಬಂದರೆ ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ಇದು. ಮೊದಲ ವರ್ಷ ಸಿಲಿಕಾ ಜೆಲ್ ಚೀಲ ಇಟ್ಟೆ, ಕಿಲೋಗೆ 380. ಪ್ರಯೋಜನ ಆಗಲಿಲ್ಲ. ನಂತರ ಗಾಜಿನ ಕಪಾಟು ಮಾಡಿಸಿದೆ, 19,000. ಬಡಗಿ ಬಾಗಿಲಿನ ಸಂದಿ ಬಿಟ್ಟ. ರಬ್ಬರ್ ಪಟ್ಟಿ 600. ಕೊನೆಗೆ ತೇವ ಹೀರುವ ಮೆಷಿನ್ 14,500. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಬಿಲ್ ತಿಂಗಳಿಗೆ 700 ಜಾಸ್ತಿ. ಆದರೂ ಒಂದು ಬೋರ್ಡೂ ಏಳಲಿಲ್ಲ ಈಗ.

ಪ್ರಿಂಟ್_ಮಾತ್ರ:
ಸ್ಟಿಕ್ಕರ್ ಉಳಿಸಲು 34 ಸಾವಿರ ಖರ್ಚು ಮಾಡಿ ಅದನ್ನು ಹೆಮ್ಮೆಯಿಂದ ಬೇರೆ ಹೇಳುತ್ತೀರಲ್ಲ!

ನನ್ನ ನಿಯಮ ಸರಳ. ಸ್ಟಿಕ್ಕರ್ ಹಾಳೆ ಇದ್ದರೆ ಆ ಸೆಟ್ ಬೇಡ. ನಾಸಾದ ಸ್ಯಾಟರ್ನ್ 5 ರಾಕೆಟ್, 21309. 2017ರದು. 1,969 ತುಂಡು. ಚಂದ್ರನ ಮೇಲೆ ಇಳಿದ ವರ್ಷಕ್ಕೆ ಸರಿಯಾಗಿ. ಒಂದು ಮೀಟರ್ ಎತ್ತರ. ‘ಯುನೈಟೆಡ್ ಸ್ಟೇಟ್ಸ್’ ಅಂತ ಬರೆದ ತುಂಡು, ಧ್ವಜ, ಎಲ್ಲ ತುಂಡಿನ ಮೇಲೇ ಪ್ರಿಂಟ್. ಒಂದೂ ಸ್ಟಿಕ್ಕರ್ ಇಲ್ಲ. ಬಿಡುಗಡೆಯಾದಾಗ ಬೆಲೆ 119.99 ಡಾಲರ್. 120 ಡಾಲರಿಗೆ ಸಾಧ್ಯವಾದದ್ದು ಡಯಾಗನ್ ಅಲಿಯ 400 ಡಾಲರಿಗೆ ಯಾಕೆ ಸಾಧ್ಯವಾಗಲಿಲ್ಲ? ಪೈಲಟ್ ಸಾಹೇಬರು ಫಾಲ್ಕನ್‌ನ ಹೆಸರಿನ ಫಲಕದ ಬಗ್ಗೆ ಜಾಣತನದಿಂದ ಸುಮ್ಮನಾಗಿದ್ದಾರೆ. ಕಪ್ಪು ಹಲಗೆಯ ಮೇಲೆ ಉದ್ದದ ಒಂದೇ ಸ್ಟಿಕ್ಕರ್. ಒಳಗೆ ಒಂದು ಗಾಳಿಗುಳ್ಳೆ ಸೇರಿದರೆ ಮುಗಿಯಿತು. ಸ್ಟಾರ್ ವಾರ್ಸ್‌ನ ಇಂಥ ದೊಡ್ಡ ಸೆಟ್‌ಗಳ ಫಲಕಗಳನ್ನು ಪ್ರಿಂಟ್ ಮಾಡಲು ಅವರಿಗೆ 2023 ಆಗಬೇಕಾಯಿತು.

ಬಸವನಗುಡಿ_ಪೈಲಟ್:
ನನ್ನ ಫಲಕದಲ್ಲಿ ಗುಳ್ಳೆ ಇಲ್ಲ. ಸೋಪು ನೀರು ಚಿಮುಕಿಸಿ, ಜಾರಿಸಿ ಕೂರಿಸಿ, ಹಳೇ ಎಟಿಎಂ ಕಾರ್ಡಿನಲ್ಲಿ ಒತ್ತಿದ್ದು. ಬಾರದವರು ಬಾರದು ಅಂತ ಹೇಳಲಿ. ಎಲ್ಲರಿಗೂ ರಾಕೆಟ್ಟೇ ಕಟ್ಟಿ ಅನ್ನೋದು ಬೇಡ.

ಮ್ಯೂನಿಕ್_ಗೌಡ:
ಪ್ರಿಂಟ್ ಅವರೇ, ಕೋಪ ಬೇಡ. ಇದರ ಲೆಕ್ಕ ಬೇರೆ ಇದೆ. ಪ್ರಿಂಟ್ ಆದ ತುಂಡು ಅಂದ್ರೆ ಗೋದಾಮಿನಲ್ಲಿ ಅದಕ್ಕೇ ಒಂದು ಪ್ರತ್ಯೇಕ ಡಬ್ಬಿ, ಪ್ರತ್ಯೇಕ ನಂಬರ್. ಸ್ಟಿಕ್ಕರ್ ಆದರೆ ಹತ್ತಿಪ್ಪತ್ತು ಚಿತ್ರಕ್ಕೂ ಸೇರಿ ಒಂದೇ ಹಾಳೆ. ಒಂದು ಸೆಟ್‌ಗೆ ಇಷ್ಟೇ ಹೊಸ ತುಂಡು ಅಂತ ವಿನ್ಯಾಸಕಾರರಿಗೆ ಮಿತಿ ಕೊಟ್ಟಿರುತ್ತಾರೆ. ರಾಕೆಟ್ಟಿನಲ್ಲಿ ಒಂದಿಷ್ಟು ಅಕ್ಷರ, ಧ್ವಜ, ಅಷ್ಟೇ. ಡಯಾಗನ್ ಅಲಿಯಲ್ಲಿ ಪ್ರತಿ ಗೋಡೆಯಲ್ಲೂ ಒಂದು ಬೋರ್ಡ್. ಎಲ್ಲ ಪ್ರಿಂಟ್ ಆದರೆ ಬೆಲೆ ನೋಡಿ ನೀವೇ ಮೊದಲು ಬೈಯುತ್ತೀರಿ.

ನಾವಿಲ್ಲಿ ಗ್ಯುಂಟ್ಸ್‌ಬರ್ಗ್‌ನ ಲೆಗೊಲ್ಯಾಂಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇವೆ. ಮಕ್ಕಳು ಸ್ಟಿಕ್ಕರ್ ನೋಡುವುದೇ ಇಲ್ಲ. ನೋಡುವವರು ನಾವು, ಹೊಟ್ಟೆ ಬಂದವರು.

ನನ್ನ ಸಂಕಟ ಸ್ಟಿಕ್ಕರ್ ಅಲ್ಲ, ಲಾರ್ಡ್ ಆಫ್ ದಿ ರಿಂಗ್ಸ್‌ನ ರಿವೆಂಡೆಲ್ 10316. 6,167 ತುಂಡು. ಆ ಚಾವಣಿ! ಬೆರಳ ತುದಿಯಷ್ಟಿರುವ ಹೆಂಚುಗಳನ್ನು ಒಂದೊಂದಾಗಿ ಜೋಡಿಸುವುದು, ಬಣ್ಣ ಮಿಶ್ರ ಮಾಡಿ. ನಡುವೆ ಒಂದು ಓರೆಯಾಯಿತೋ, ಪೂರ್ತಿ ಸಾಲು ಕಣ್ಣಿಗೆ ಚುಚ್ಚುತ್ತದೆ. ಹೆಂಡತಿ ‘ಕನ್ನಡಕದ ನಂಬರ್ ಏರಿದೆ, ಇದರದ್ದೇ’ ಅಂದಳು. 89 ಯೂರೊ ಗಾಜಿಗೆ, 140 ಫ್ರೇಮಿಗೆ. ವಿಮೆ ಒಂದು ಸೆಂಟೂ ಕೊಡಲಿಲ್ಲ. ಆದರೂ ನೋಡುತ್ತ ಕೂತರೆ ಕಾಫಿ ಆರಿ ಹೋಗುತ್ತದೆ.

ಪ್ರಿಂಟ್_ಮಾತ್ರ:
ಗೋದಾಮಿನ ಕಷ್ಟ ನನ್ನ ಕಷ್ಟ ಹೇಗಾಗುತ್ತದೆ? ಊಟಕ್ಕೆ ಕೂತವನಿಗೆ ಅಡುಗೆ ಭಟ್ಟರ ಕಷ್ಟ ಹೇಳಬೇಡಿ.

ಹುಬ್ಬಳ್ಳಿ_ಗೇರ್:
ನೀವೆಲ್ಲ ಗೊಂಬೆ, ಬೋರ್ಡು ಅಂತ ಕೂತೀರಿ. ಲೆಗೊದ್ದೇ ಟೆಕ್ನಿಕ್ ಸಾಲು, ಗೇರ್ ತಿರುಗುವ ಗಾಡಿಗಳದ್ದು, ನೋಡ್ರಿ ಒಮ್ಮೆ. ಪರವಾನಗಿ ತಗೊಂಡು ಮಾಡಿದ ಸೆಟ್‌ಗಳಲ್ಲಿ ಬುದ್ಧಿ ಖರ್ಚಾಗಿರುವುದು ಅಲ್ಲೇ. ಲ್ಯಾಂಡ್ ರೋವರ್ ಡಿಫೆಂಡರ್ 42110, 2,573 ತುಂಡು. ಗೇರ್‌ಬಾಕ್ಸ್ ತಿರುಗುವುದನ್ನು ಮೊದಲು ನೋಡಿದಾಗ ಅಂಗಡಿ ಬಾಗಿಲು ಹಾಕಿ ಕೂತು ನೋಡಿದೆ. ನಮ್ಮದು ಸ್ಪೇರ್ ಪಾರ್ಟ್ಸ್ ಅಂಗಡಿ, ಗೇರ್ ಅಂದ್ರೆ ಏನು ಅಂತ ನನಗೆ ಯಾರೂ ಹೇಳಬೇಕಿಲ್ಲ.

ಪೋರ್ಷೆ 42056 ಕಥೆ ಎಲ್ಲರಿಗೂ ಗೊತ್ತಲ್ಲ. ಪುಸ್ತಕದ ಪ್ರಕಾರ ಕಟ್ಟಿದರೆ ಗೇರ್ 1-3-2-4 ಅಂತ ಬೀಳುತ್ತಿತ್ತು. ಅಭಿಮಾನಿಗಳೇ ತಿದ್ದುಪಡಿ ಕಂಡುಹಿಡಿದರು. ನಾನು ಶುರುವಿನಲ್ಲೇ ಅದರಂತೆ ಕಟ್ಟಿದೆ. ಯಾರಿಗೆ ಬೇಕೋ ಬರ್ರಿ, ಚಕ್ರ ತಿರುಗಿಸಿ ತೋರಿಸುತ್ತೇನೆ. 1-2-3-4.

ಬಸವನಗುಡಿ_ಪೈಲಟ್:
ಕಾರಿನ ಮೈ ಮುಚ್ಚಿದ ಮೇಲೆ ಗೇರ್ ಕಾಣುವುದೇ ಇಲ್ಲ. ಕಾಣದ್ದಕ್ಕೆ ಅಷ್ಟೊಂದು ದುಡ್ಡು ಯಾಕೆ? ಹೊರಗಡೆ ನೋಡಿದರೆ ಎಲ್ಲ ಕಡೆ ತೂತು.

ಹುಬ್ಬಳ್ಳಿ_ಗೇರ್:
ನಿಮ್ಮ ಫಾಲ್ಕನ್ ಹಾರುತ್ತೇನು?

ನಂಜನಗೂಡು_ಬಾಳೆ:
ಇಷ್ಟು ದುಡ್ಡು ಯಾಕೆ ಸುರಿಯುತ್ತೀರೋ ತಿಳಿಯದು. ಅದೇ ಫಾಲ್ಕನ್ ನಕಲಿನಲ್ಲಿ 17,800ಕ್ಕೆ ಕಟ್ಟಿದೆ. ಡಬ್ಬ ಇಲ್ಲ, ಪುಸ್ತಕ ಇಲ್ಲ, ಬರೀ ಚೀಲಗಳು. ಮಾರಿದವನು ಒಂದು ಚೀಲ ಕಮ್ಮಿ ಕಳಿಸಿದ. ಫೋನ್ ಮಾಡಿದರೆ ‘ಚೀನಾದಿಂದ ಬರಬೇಕು ಸಾರ್’ ಅನ್ನುತ್ತಾನೆ. ನಾಲ್ಕು ತಿಂಗಳು ಹಡಗಿನ ಕೆಳಭಾಗ ಇಲ್ಲದೆ ಮಂಚದ ಅಡಿಯಲ್ಲಿತ್ತು. ಬಂದ ಚೀಲದಲ್ಲಿ ಬೂದು ಬಣ್ಣ ಒಂದು ಛಾಯೆ ಬೇರೆ. ಕೆಳಗೆ ತಾನೆ, ಯಾರು ನೋಡುತ್ತಾರೆ. ಕೆಲವು ತುಂಡು ಬಿಗಿ, ಕೆಲವು ಸಡಿಲ, ಅಲ್ಲಲ್ಲಿ ಫೆವಿಕ್ವಿಕ್ ಹಾಕಿದ್ದೇನೆ. ಮನೆಗೆ ಬಂದವರು ಯಾರೂ ‘ಇದು ಅಸಲಿಯಾ’ ಅಂತ ಕೇಳಿಲ್ಲ.

ಪ್ರಿಂಟ್_ಮಾತ್ರ:
ಫೆವಿಕ್ವಿಕ್?! ಇಂಥವರನ್ನು ಇಲ್ಲಿ ಬಿಟ್ಟುಕೊಂಡಿದ್ದು ಯಾರು?

ಮ್ಯೂನಿಕ್_ಗೌಡ:
ನಕಲಿಯನ್ನು ಇಲ್ಲಿ ಪ್ರಚಾರ ಮಾಡಬೇಡಿ. ವಿನ್ಯಾಸ ಕದ್ದದ್ದು. ಜೊತೆಗೆ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ ಅಲ್ವಾ ಅಲ್ಲಿ?

ನಂಜನಗೂಡು_ಬಾಳೆ:
ಆ ನಿಯಮ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ. ನನಗೆ 46. ಜರ್ಮನಿಯಲ್ಲಿ ಕೂತು ನಮಗೆ ಕಾನೂನು ಹೇಳುವುದು ಸುಲಭ ಗೌಡ್ರೇ. ನಮ್ಮ ಸಂಬಳ ಯೂರೊದಲ್ಲಿ ಬರೋದಿಲ್ಲ.

ಮ್ಯೂನಿಕ್_ಗೌಡ:
ಯೂರೊದಲ್ಲಿ ಬಾಡಿಗೆ ಕಟ್ಟುವುದು ನಿಮಗೆ ಕಾಣೋದಿಲ್ಲ. ಹೋಗಲಿ ಬಿಡಿ.

ಅರಗಿನ_ಬಣ್ಣ:
ಪ್ಲಾಸ್ಟಿಕ್‌ಗೆ ಲಕ್ಷ ರೂಪಾಯಿ! ಮೈಸೂರಿನಿಂದ ಚನ್ನಪಟ್ಟಣ ಎಷ್ಟು ದೂರ ಇದೆ ಅಕ್ಕ? ಅಲ್ಲಿಯ ಆಟಿಕೆ ಹಾಲೆ ಮರದ್ದು, ಅರಗಿನ ಬಣ್ಣ. ಸ್ಟಿಕ್ಕರ್ ಗೊಡವೆಯೇ ಇಲ್ಲ. ನಮ್ಮ ಮಾವನ ಮನೆಯಲ್ಲಿ ಮೂವತ್ತು ವರ್ಷದ ಕುದುರೆ ಇದೆ, ಇನ್ನೂ ಹೊಳೆಯುತ್ತದೆ.

ಕುಡ್ಲದ_ಮಳೆ:
ಅವರು ಫಾಲ್ಕನ್ ಕೇಳಿದರೆ ನೀವು ಕುದುರೆ ತೋರಿಸುವುದಾ? ನನ್ನಲ್ಲೂ ಉಂಟು ಚನ್ನಪಟ್ಟಣದ್ದು. ಎರಡೂ ಇಷ್ಟ. ಒಂದನ್ನು ಹೊಗಳಲು ಇನ್ನೊಂದನ್ನು ಬೈಯಬೇಕಾ?

ಅರಗಿನ_ಬಣ್ಣ:
ತೇವ ಹೀರುವ ಮೆಷಿನ್ ಇಟ್ಟುಕೊಂಡವರು ನನಗೆ ಬುದ್ಧಿ ಹೇಳುವುದು ಬೇಡ.

ಕುಕ್ಕರಹಳ್ಳಿ_ಕೆರೆ:
ಎಲ್ಲರಿಗೂ ಧನ್ಯವಾದ. ಶೆಲ್ಫ್ 80 ಸೆಂ.ಮೀ. ಅಂದಿದ್ದೆ. ಆಗುತ್ತಾ?

ವಿಜಯನಗರ_ಟೇಪು:
ಆಗೋದಿಲ್ಲ ಮೇಡಂ, ಎರಡೂ. ಫಾಲ್ಕನ್ 84 ಉದ್ದ, 56 ಅಗಲ. ಡಯಾಗನ್ ಅಲಿ ಸಾಲಾಗಿ ಇಟ್ಟರೆ 102. ನಾನು ಇದರಲ್ಲೇ ಬೆಂದವನು. ಸ್ಟಾರ್ ವಾರ್ಸ್‌ನದೇ ಇನ್ನೊಂದು ಹಡಗು ವೆನೇಟರ್ 75367 ತಗೊಂಡೆ, 109 ಸೆಂ.ಮೀ. ಗೋಡೆಗೆ ಗ್ರಾನೈಟ್ ಹಲಗೆ ಹಾಕಿಸಿದೆ, ಬ್ರಾಕೆಟ್ ಸೇರಿ 7,300. ಮೇಸ್ತ್ರಿ ಕೊರೆಯುವಾಗ ಒಳಗಿದ್ದ ವೈರಿಗೆ ಬಿತ್ತು. ಎಲೆಕ್ಟ್ರಿಷಿಯನ್ 1,800, ಮತ್ತೆ ಗಾರೆ, ಮತ್ತೆ ಬಣ್ಣ. ಅದೇ ಬಣ್ಣ ಸಿಗದೆ ಪೂರ್ತಿ ಗೋಡೆ ಬಳಿಸಬೇಕಾಯಿತು, 6,000. ಇಷ್ಟೆಲ್ಲ ಆಗಿ 5,374 ತುಂಡಿನ ಹಡಗಿಗೆ ಗೊಂಬೆ ಎರಡೇ. ಸೇನಾಧಿಕಾರಿಗಳಾದ ರೆಕ್ಸ್, ಯುಲಾರೆನ್. ಕಥೆಯ ನಾಯಕ ಆನಕಿನ್‌ನನ್ನು ಕೊಡಬಹುದಿತ್ತು, ಯಾರು ಬೇಡ ಅಂದಿದ್ದರು?

ನಿಮಗೆ ಜಾಗ ಮುಖ್ಯ ಅಂದ್ರೆ ಹ್ಯಾರಿ ಪಾಟರ್‌ನದೇ ಹಾಗ್ವಾರ್ಟ್ಸ್ ಕೋಟೆ 71043 ನೋಡಿ, 69 ಸೆಂ.ಮೀ. ಅಗಲ. ಆಳ ಮಾತ್ರ 43, ಶೆಲ್ಫ್ ಆಳ ಅಳೆದುಕೊಳ್ಳಿ. ಡಬ್ಬ ಒಡೆಯದ್ದು ಸಿಕ್ಕರೆ ಬಿಲ್ ಇಲ್ಲದೆ ತಗೊಳ್ಳಬೇಡಿ. ಅಂದಹಾಗೆ ಅದರಲ್ಲೂ ಸ್ಟಿಕ್ಕರ್ ಇದೆ.

ಬಸವನಗುಡಿ_ಪೈಲಟ್:
ಫಾಲ್ಕನ್ ಓರೆಯಾಗಿ ನಿಲ್ಲಿಸುವ ಅಕ್ರಿಲಿಕ್ ಸ್ಟ್ಯಾಂಡ್ ಸಿಗುತ್ತದೆ. ಹಾಗೆ ನಿಲ್ಲಿಸಿದರೆ 56 ಸಾಕು. ಮೇಡಂಗೆ ಸುಮ್ನೆ ಹೆದರಿಸಬೇಡಿ.

ವಿಜಯನಗರ_ಟೇಪು:
ಐದು ವರ್ಷದ ಮಗು ಇರುವ ಮನೆಯಲ್ಲಿ ಅಷ್ಟು ತೂಕವನ್ನು ಓರೆಯಾಗಿ ನಿಲ್ಲಿಸಿ ಅಂತೀರಲ್ಲ, ನಿಮಗೆ ಮಕ್ಕಳಿದ್ದಾರಾ?

ಬಸವನಗುಡಿ_ಪೈಲಟ್:
ಇದ್ದಾರೆ. ಮುಟ್ಟಬೇಡ ಅಂದರೆ ಮುಟ್ಟೋದಿಲ್ಲ. ಗೊಂಬೆ ಎರಡೇ ಅಂತ ಅಳುವವರು ವೆನೇಟರ್ ಯಾಕೆ ತಗೊಂಡಿರಿ? ಹಡಗು ಬೇಕು ಅಂದವರಿಗೆ ಮಾಡಿದ ಸೆಟ್ ಅದು. ಗೊಂಬೆ ಬೇಕಾದರೆ 2,000ದ ಸೆಟ್‌ನಲ್ಲಿ ನಾಲ್ಕು ಬರುತ್ತವೆ.

ವಿಜಯನಗರ_ಟೇಪು:
ನಿಮ್ಮ ಫಾಲ್ಕನ್‌ನಲ್ಲಿ ಎರಡು ಕಾಲದ ಜನ ಇದ್ದಾರೆ ಅಂತ ನೀವೇ ಮೇಲೆ ಕುಣಿದಾಡಿದ್ದಿರಿ. ನನ್ನ ಹಡಗಿಗೆ ಬಂದಾಗ ಗೊಂಬೆ ಬೇಡವಾ?

ಹುಬ್ಬಳ್ಳಿ_ಗೇರ್:
ಡಿಫೆಂಡರ್ 42 ಸೆಂ.ಮೀ. ಉದ್ದ. ಆ ಶೆಲ್ಫ್‌ನಲ್ಲಿ ಅದೂ ಹಿಡಿದು, ಪಕ್ಕದಲ್ಲಿ ಇನ್ನೂ ಒಂದು ಕಾರಿಗೆ ಜಾಗ ಉಳಿಯುತ್ತದೆ. ಯಾರೂ ಕೇಳೋದಿಲ್ಲ ನನ್ನ ಮಾತು.

ಪ್ರಿಂಟ್_ಮಾತ್ರ:
ಅದರಲ್ಲೂ ಸ್ಟಿಕ್ಕರ್ ಇದೆ.