ಪ್ರವಾಸದಲ್ಲಿ ಮೀನು ಸಾರು: ಏನು ನೋಡಿ ತಿನ್ನಬೇಕು?

ಪ್ರಶ್ನೆ: ಕರಾವಳಿ ಊರುಗಳಿಗೆ ಹೋದಾಗ ಅಲ್ಲಿನ ಸಾಂಪ್ರದಾಯಿಕ ಮೀನು ಸಾರು ತಿನ್ನುವ ಆಸೆ. ಹೊಟ್ಟೆ ಕೆಡದಂತೆ ಏನೇನು ಗಮನಿಸಬೇಕು? ಜೊತೆಗಿರುವ ಒಬ್ಬರಿಗೆ ಸಿಗಡಿ ಅಲರ್ಜಿ.

ಉತ್ತರ 1: ಊಟದ ರಶ್ ಇರುವ ಹೊತ್ತಿಗೇ ಹೋಗಿ, ಪಾತ್ರೆ ಬೇಗ ಖಾಲಿಯಾಗುತ್ತಿರುತ್ತದೆ. ಮೆನು ಬಿಟ್ಟು ‘ಇವತ್ತು ಯಾವ ಮೀನು ಬಂದಿದೆ?’ ಅಂತ ಕೇಳಿ. ಸಾರು ಹಬೆಯಾಡುತ್ತಾ ಬರಬೇಕು. ದಪ್ಪ ತುಂಡನ್ನು ಮುಳ್ಳಿನ ಪಕ್ಕದಲ್ಲೇ ಬಿಡಿಸಿ: ಪದರಪದರವಾಗಿ ಬಿಟ್ಟರೆ ಬೆಂದಿದೆ, ಗಾಜಿನಂತೆ ಮಿನುಗಿ ಮುಳ್ಳಿಗೆ ಅಂಟಿಕೊಂಡರೆ ವಾಪಸ್ ಕಳಿಸಿ. ಬೆಂದರೂ ಬಾಯಿ ಬಿಡದ ಚಿಪ್ಪುಗಳನ್ನು ಬದಿಗಿಡಿ.

ಉತ್ತರ 2: ಕುದಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ತಪ್ಪು. ಬಂಗುಡೆ, ಟ್ಯೂನಾ ಜಾತಿಯ ಮೀನು ಐಸ್ ಇಲ್ಲದೆ ಕೂತರೆ ಹಿಸ್ಟಮಿನ್ ಅನ್ನುವ, ಅಲರ್ಜಿಯಂಥ ತೊಂದರೆ ತರುವ ರಾಸಾಯನಿಕ ಸೇರಿಕೊಳ್ಳುತ್ತದೆ. ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಹುಳಿ-ಖಾರದಲ್ಲಿ ವಾಸನೆಯೂ ತಿಳಿಯದು. ಮೆಣಸು ಕಚ್ಚಿದಂತೆ ನಾಲಿಗೆ ವಿಚಿತ್ರವಾಗಿ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಮುಖ ಕೆಂಪಾಗಿ ತಲೆ ಸಿಡಿಯತೊಡಗಿದರೆ ಡಾಕ್ಟರಿಗೆ ತೋರಿಸಿ.

ಉತ್ತರ 3: ಅಲರ್ಜಿಗೆ ‘ಸಿಗಡಿ ಬೇಡ’ ಅಂದರೆ ಸಾಲದು. ಮಸಾಲೆಯಲ್ಲಿ ಒಣಸಿಗಡಿ ಇದೆಯಾ, ಸೌಟು-ಬಾಣಲೆ ಬೇರೆಯಾ ಅಂತ ಕೇಳಿ. ಏಡಿಯನ್ನೂ ಬಿಡಿ. ಉತ್ತರ ಅಡ್ಡಾದಿಡ್ಡಿ ಬಂದರೆ ಅಲ್ಲಿ ತಿನ್ನಬೇಡಿ. ಪಾರ್ಸೆಲ್ ಸಾರನ್ನು ಫ್ರಿಜ್ ಇಲ್ಲದೆ 2 ಗಂಟೆ ಮೀರಿ ಇಡಬೇಡಿ, ಸುಡುಬಿಸಿಲಾದರೆ 1 ಗಂಟೆ.